ವಾಸನೆ ನೋಡುವುದು

ಈರನಗೆರೆಯ ನಮ್ಮ ಮನೆ ಬಾಗಿಲು ತೆಗೆದಾಗ
ಗ್ಯಾಸು ಮುಖಕ್ಕೆ ಹೊಡೆಯಿತು,
ಕೊಳೆತ ಕೋಸಿನ ಹಾಗೆ, ಗಂಟಲಿಗಿಳಿಯುವಷ್ಟು.
ಇವರು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು
ಅವರೆಕಾಯಿ ಸುಲಿಯುತ್ತಿದ್ದರು.
ಒಲೆಯ ತಿರುಪು ಅರ್ಧ ತಿರುಗಿತ್ತು. ಉರಿ ಇರಲಿಲ್ಲ.
“ಬಂದ್ಯಾ? ಸೊಗಡು ನೋಡು, ಹೇಗಿದೆ ಈ ಸಲದ ಕಾಯಿ.”

ಕಿಟಕಿ ತೆಗೆದೆ. ಸಿಲಿಂಡರಿನ ಕತ್ತು ತಿರುಚಿದೆ.
ಸ್ವಿಚ್ಚು ಮುಟ್ಟಬೇಡಿ ಎಂದು ಕಿರುಚಿದೆ.
ಅವರು ಎದ್ದೇ ಇರಲಿಲ್ಲ.
ಲೆಕ್ಕ ತಪ್ಪಿದ ಹುಡುಗ ಮೇಷ್ಟರನ್ನು ನೋಡುವಂತೆ
ನನ್ನನ್ನು ನೋಡುತ್ತಿದ್ದರು.

“ಎಷ್ಟು ದಿನದಿಂದ?”
“ಹನ್ನೊಂದು ವರ್ಷ. ಆ ಜ್ವರ ಬಂದಿತ್ತಲ್ಲ, ಆಗಿಂದ.”
ಕೈಯಲ್ಲಿದ್ದ ಕಾಯನ್ನು ಪೂರ್ತಿ ಸುಲಿದರು.

ಮಂಡಿ ಮೊಹಲ್ಲಾದ ಊದುಬತ್ತಿ ಕಾರ್ಖಾನೆಯಲ್ಲಿ
ಇವರು ಅಂದರೆ ಮೂಗು.
ಗಂಧ ಎಷ್ಟು, ಲಾವಂಚ ಎಷ್ಟು,
ಹಾಲ್ಮಡ್ಡಿ ಎಲ್ಲಿಗೆ ನಿಲ್ಲಬೇಕು,
ಇವರು ಕಣ್ಣು ಮುಚ್ಚಿ ತಲೆ ಆಡಿಸಿದ ಮೇಲೇ
ಮೂರು ರಾಜ್ಯದ ದೇವರ ಮುಂದೆ ಹೊಗೆ ಏಳುವುದು.

ಹನ್ನೊಂದು ವರ್ಷ.
ಸಾಸಿವೆ ಚಟಪಟ ಅಂದ ಮೇಲೆಯೇ
“ಘಮ್ ಅಂತು ಕಣೆ” ಅನ್ನುತ್ತಿದ್ದರು.
ಇಂಗು ಮುಗಿದ ವಾರವೂ ಇಂಗನ್ನು ಹೊಗಳಿದ್ದರು.
ನಾನು ನಕ್ಕಿದ್ದೆ.
ದೇವರಾಜ ಮಾರುಕಟ್ಟೆಯಿಂದ ಒಂದು ಮೊಳ ಮರುಗ ತಂದು
ಜಡೆಗೆ ಮುಖ ಒತ್ತಿ ಉಸಿರೆಳೆದದ್ದು,
ಅದೂ ಲೆಕ್ಕವೇ? ಅದೂ ಡ್ಯೂಟಿಯೇ?

ನಮ್ಮ ಮಾತಲ್ಲಿ ವಾಸನೆಯನ್ನು ನೋಡುತ್ತೇವೆ.
ನೋಡಿ, ಹಾಲು ಒಡೆದಿದೆಯಾ.
ನೋಡಿ, ಸಾರು ಹಳಸಿದೆಯಾ.
ಇವರು ನಿಜಕ್ಕೂ ನೋಡುತ್ತಿದ್ದರು:
ನನ್ನ ಹುಬ್ಬು, ನನ್ನ ಮೂಗಿನ ಹೊಳ್ಳೆ.
ನಾನು ಮೂಸಿ ಮುಖ ಕಿವುಚಿದರೆ
ಒಂದು ಕ್ಷಣ ಬಿಟ್ಟು ಅವರೂ ಕಿವುಚುತ್ತಿದ್ದರು.
ಆ ಒಂದು ಕ್ಷಣದೊಳಗೆ
ಹನ್ನೊಂದು ವರ್ಷ ಒಬ್ಬರೇ ಇದ್ದರು.

ಕೋಪ ಬಂತು. ಇನ್ನೂ ಇದೆ.
ಇನ್ನೊಬ್ಬಳು ಇದ್ದಿದ್ದರೆ ಹೆಸರು ಹಿಡಿದು ಬೈಯಬಹುದಿತ್ತು,
ಅವಳ ಬಾಗಿಲಿಗೆ ಹೋಗಿ ಬರಬಹುದಿತ್ತು.
ಇಲ್ಲದ್ದರ ಜೊತೆ ಹೇಗೆ ಜಗಳ?
ಕಾರ್ಖಾನೇಲಿ ಯಾರಿಗೆ ಗೊತ್ತು ಅಂದೆ.
“ಇಮ್ದಾದನಿಗೆ.”
ಹಿಟ್ಟು ಕಲೆಸುವ ಹುಡುಗ.
ಅವನು ಚಪ್ಪಲಿ ಕೆರೆದರೆ ಗಂಧ ಹೆಚ್ಚು,
ಕೆಮ್ಮಿದರೆ ಸರಿ.
ನನಗೆ ಹೇಳದ್ದನ್ನು ಕಲೆಸುವ ಹುಡುಗನಿಗೆ ಹೇಳಿದ್ದರು.
ಅದಕ್ಕೆ ಅತ್ತೆ. ಮೂಗಿಗಲ್ಲ.

ದೀಪ ಆರಿಸಿದ ಮೇಲೆ ಅವರೇ ಬಾಯಿ ಬಿಟ್ಟರು.
“ಚೆಲುವಾಂಬ ಆಸ್ಪತ್ರೇಲಿ ಸುಗುಣನ ಕೂಸನ್ನು ಕೈಗೆ ಕೊಟ್ಟೆಯಲ್ಲ,
ನೆತ್ತಿಗೆ ಮೂಗಿಟ್ಟೆ. ಏನೂ ಬರಲಿಲ್ಲ.
ಬಿಸಿ ಬಂತು. ಅಷ್ಟೆ.”
ಅವತ್ತು ಇವರು ಬಿಕ್ಕಿದ್ದು ನೆನಪಿದೆ.
ಸಂತೋಷಕ್ಕೆ ಅಂದುಕೊಂಡು
ವಾರ್ಡಿಗೆಲ್ಲ ಪೇಡ ಹಂಚಿದ್ದೆ.

“ಹೇಗಿತ್ತು?” ಅಂದರು.
ಹಸಿ ಹಾಲು ಅಂದೆ.
ಬಿಸಿಲಿಗಿಟ್ಟ ಹತ್ತಿ ಅಂದೆ.
ಅಲ್ಲ ಅಂದೆ.
ಆಮೇಲೆ, ನಂಗೊತ್ತಿಲ್ಲ, ಮಲಗಿ ಅಂದೆ.

ಬೆಳಿಗ್ಗೆ ಮಾಲೀಕರ ಫೋನು. ಶಿವರಾತ್ರಿಯ ಸರಕು,
ಬೇಗ ಕಳಿಸಮ್ಮ, ನಿಮ್ಮ ಯಜಮಾನರ ಮೂಗಿಲ್ಲದೆ
ನಮ್ಮ ಬತ್ತಿ ಹತ್ತೋದಿಲ್ಲ ಎಂದು ನಕ್ಕರು.
ನಾನೂ ನಕ್ಕೆ.
“ಹೌದು, ಇನ್ಯಾರಿಗಿದೆ ಅಂಥ ಮೂಗು. ಹೊರಟರು.”
ದನಿ ಎಷ್ಟು ಸಲೀಸಾಗಿ ಬಂತು ಅಂದರೆ
ಚಪ್ಪಲಿ ಮೆಟ್ಟುತ್ತಿದ್ದವರು ಅರ್ಧಕ್ಕೇ ನಿಂತು
ನನ್ನ ಮುಖ ನೋಡಿದರು,
ಹಾಲಿನ ಪಾತ್ರೆ ಹಿಡಿದಾಗ ನೋಡುವ ಹಾಗೆ.

ನೆನೆಸಿದ ಅವರೆಕಾಳು ಬೋಗುಣಿಯಲ್ಲಿ ಉಬ್ಬಿದೆ.
ಹಿದುಕಬೇಕು.
ಕಿಟಕಿ ಮುಚ್ಚಿಲ್ಲ, ಆದರೂ ಮನೆ ತುಂಬ ಸೊಗಡು.
ಅವರು ಗೇಟು ದಾಟುವಾಗ
ಕೇಳದಿದ್ದರೂ ಕೂಗಿ ಹೇಳಿದೆ:
ಗ್ಯಾಸು ಆರಿಸಿದ್ದೀನಿ.